ವಾಸಾ ನೌಕೆ: ಅಪರಾಧಿಯಿಲ್ಲದೆ ಮುಗಿದ ಒಂದು ವಿಚಾರಣೆ

ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ಹಲವು ದ್ವೀಪಗಳ ಮೇಲೆ ಹರಡಿಕೊಂಡಿರುವ ನಗರ. ಅಲ್ಲಿನ ಒಂದು ದ್ವೀಪದ ದಡದಲ್ಲಿ ತಾಮ್ರದ ಛಾವಣಿಯ ವಿಶಾಲವಾದ ಕಟ್ಟಡವೊಂದಿದ್ದು, ಛಾವಣಿಯ ಮೇಲೆ ಕೂವೆಮರಗಳ ಆಕೃತಿಗಳು ಆಕಾಶಕ್ಕೆ ಚಾಚಿ ನಿಂತಿವೆ. ಒಳಗೆ ಮಂದ ಬೆಳಕು. ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತಿದ್ದಂತೆ ಎದುರಿಗೆ ಕಾಣುವುದು ಹದಿನೇಳನೆಯ ಶತಮಾನದ ಒಂದು ಯುದ್ಧನೌಕೆ. ಅದು ಮಾದರಿಯೂ ಅಲ್ಲ, ಚಿತ್ರವೂ ಅಲ್ಲ. 69 ಮೀಟರ್ ಉದ್ದದ, ಕಪ್ಪಗಾದ ಓಕ್ ಮರದ ನಿಜವಾದ ಹಡಗು. 1990ರಲ್ಲಿ ಈ ವಸ್ತುಸಂಗ್ರಹಾಲಯವು ತೆರೆದಂದಿನಿಂದ ಕೋಟಿಗಟ್ಟಲೆ ಜನರು ಇಲ್ಲಿಗೆ ಬಂದು ಹೋಗಿದ್ದಾರೆ.

ಸಾಮಾನ್ಯವಾಗಿ ರಾಷ್ಟ್ರಗಳು ತಮಗೆ ಜಯ ತಂದುಕೊಟ್ಟ ನೌಕೆಗಳನ್ನು ಕಾಪಾಡಿಕೊಳ್ಳುತ್ತವೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿರುವ ನೆಲ್ಸನ್ನನ ವಿಕ್ಟರಿ ನೌಕೆಯು 1805ರ ಟ್ರಫಾಲ್ಗರ್ ಯುದ್ಧದ ಕೀರ್ತಿಯನ್ನು ಸಾರುತ್ತದೆ. ವಾಸಾ ನೌಕೆಯಾದರೋ ಯಾವ ಯುದ್ಧವನ್ನೂ ಕಂಡದ್ದಲ್ಲ. ಅದರ ಒಟ್ಟು ಪ್ರಯಾಣವೇ ಸುಮಾರು 1300 ಮೀಟರ್. ತನ್ನ ರಾಜಧಾನಿಯ ಜನರ ಕಣ್ಣೆದುರಿನಲ್ಲೇ ಮುಳುಗಿದ ಹಡಗಿಗೆ ಒಂದು ದೇಶವು ಇಂತಹ ಭವನವನ್ನು ಕಟ್ಟಿಸಿ, ತಪ್ಪನ್ನು ಮುಚ್ಚಿಡದೆ ತೆರೆದಿಟ್ಟಿರುವುದು ಮೆಚ್ಚತಕ್ಕ ಸಂಗತಿ.

ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫನು ಆ ಕಾಲದಲ್ಲಿ ಪೋಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದನು. ಬಾಲ್ಟಿಕ್ ಸಮುದ್ರದ ಮೇಲೆ ಹಿಡಿತ ಸಾಧಿಸಲು ಅವನಿಗೆ ಭಾರೀ ಫಿರಂಗಿಗಳನ್ನು ಹೊರುವ ಹಡಗುಗಳು ಬೇಕಾಗಿದ್ದವು. 1625ರಲ್ಲಿ ಹೆನ್ರಿಕ್ ಹೀಬರ್ಟ್ಸನ್ ಎಂಬ ಡಚ್ ನೌಕಾಶಿಲ್ಪಿ ಮತ್ತು ಅವನ ಪಾಲುದಾರ ಆರೆಂಟ್ ಡಿ ಗ್ರೂಟ್ ಇವರೊಡನೆ ಕರಾರಾಯಿತು. ಕೆಲಸ ಅರ್ಧದಲ್ಲಿರುವಾಗ, 1627ರಲ್ಲಿ, ಹೆನ್ರಿಕ್ ತೀರಿಕೊಂಡನು. ಅವನ ಸಹಾಯಕ ಹೈನ್ ಯಾಕೋಬ್‌ಸನ್ ನಿರ್ಮಾಣವನ್ನು ಮುಂದುವರಿಸಿದನು. ದೊರೆಯು ದೂರದ ಯುದ್ಧಭೂಮಿಯಿಂದ ಹಡಗನ್ನು ಬೇಗ ಹೊರಡಿಸುವಂತೆ ಒತ್ತಾಯಪಡಿಸುತ್ತಲೇ ಇದ್ದನು.

ಹಡಗಿನ ಒಳಗಿನಿಂದ ದೊರೆತ ಸಣ್ಣಪುಟ್ಟ ವಸ್ತುಗಳಲ್ಲಿ ನಾಲ್ಕು ಅಳತೆಪಟ್ಟಿಗಳಿವೆ. ಬಡಗಿಗಳು ಕೆಲಸಕ್ಕೆ ಬಳಸಿದ ಮರದ ಪಟ್ಟಿಗಳು. ಅವುಗಳಲ್ಲಿ ಎರಡು ಸ್ವೀಡಿಷ್ ಅಡಿಯ ಅಳತೆಯವು, ಅಂದರೆ ಅಡಿಗೆ 12 ಅಂಗುಲ. ಇನ್ನೆರಡು ಆಮ್‌ಸ್ಟರ್‌ಡ್ಯಾಮ್ ಅಡಿಯವು, ಅಡಿಗೆ 11 ಅಂಗುಲ. ಒಂದೇ ಹಡಗಿನ ಮೇಲೆ ಎರಡು ಅಳತೆಗಳು ನಡೆದಿದ್ದವು. ನೌಕೆಯ ಎಡಬಲ ಪಕ್ಕಗಳು ಸಮವಾಗಿಲ್ಲವೆಂಬುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಒಂದು ಅಂಗಡಿಯಲ್ಲಿ ಎರಡು ಸೇರುಗಳಿದ್ದರೆ ಏನಾಗುವುದೆಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಇಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ಬೇರೆ ಬೇರೆ ನಾಡುಗಳಿಂದ ಬಂದ ಕೆಲಸಗಾರರು ತಮ್ಮ ತಮ್ಮ ಅಡಿಯಲ್ಲೇ ಅಳೆದರು, ಅಷ್ಟೆ. ಆದರೂ ಹಡಗು ಮುಳುಗಿದ್ದು ಈ ಒಂದು ಅಂಗುಲದ ವ್ಯತ್ಯಾಸದಿಂದ ಎಂದು ಭಾವಿಸಬಾರದು. ನಿಜವಾದ ದೋಷವು ಅದರ ಆಕಾರದಲ್ಲೇ ಇತ್ತು. ನೀರಿನ ಮೇಲಿನ ಭಾಗ ಬಹಳ ಎತ್ತರ ಮತ್ತು ಭಾರ. ನೀರಿನೊಳಗಿನ ಒಡಲು ಇಕ್ಕಟ್ಟು. ಎರಡು ಅಂತಸ್ತುಗಳಲ್ಲಿ ಫಿರಂಗಿಗಳು, ಒಟ್ಟು 64. ಸಮತೋಲಕ್ಕೆಂದು ತಳದಲ್ಲಿ ತುಂಬಿದ್ದ ಕಲ್ಲುಗಳು ಸುಮಾರು 120 ಟನ್. ಇನ್ನೂ ಹೆಚ್ಚು ಕಲ್ಲು ತುಂಬಿದ್ದರೆ ಕೆಳಗಿನ ಫಿರಂಗಿಯ ಕಿಂಡಿಗಳು ನೀರಿಗೆ ತೀರ ಸಮೀಪವಾಗುತ್ತಿದ್ದವು.

ಈ ದೋಷವು ಯಾರಿಗೂ ತಿಳಿದಿರಲಿಲ್ಲವೆ? ತಿಳಿದಿತ್ತು. ವಾಸಾ ಇತಿಹಾಸದಲ್ಲಿ ಮನಸ್ಸನ್ನು ಅತ್ಯಂತ ಕಲಕುವ ಪ್ರಸಂಗವೆಂದರೆ ಇದೇ. ಹೊರಡುವುದಕ್ಕೆ ಮುಂಚೆ, ಹಡಗು ದಡಕ್ಕೆ ಕಟ್ಟಿದ್ದಾಗಲೇ ಕಪ್ತಾನ ಸೆಫ್ರಿಂಗ್ ಹಾನ್ಸನ್ ಒಂದು ಪರೀಕ್ಷೆಯನ್ನು ಏರ್ಪಡಿಸಿದ್ದನು. ನೌಕಾಬಲದ ಹಿರಿಯ ಅಧಿಕಾರಿ ಕ್ಲಾಸ್ ಫ್ಲೆಮಿಂಗ್ ಸಮಕ್ಷಮದಲ್ಲಿದ್ದನು. 30 ಮಂದಿ ನಾವಿಕರು ಮೇಲಂತಸ್ತಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಟ್ಟಾಗಿ ಓಡಬೇಕು. ಮೊದಲನೆಯ ಓಟಕ್ಕೆ ಹಡಗು ವಾಲಿತು. ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಮತ್ತಷ್ಟು. ಫ್ಲೆಮಿಂಗ್ ಅಲ್ಲಿಗೆ ಪರೀಕ್ಷೆಯನ್ನು ನಿಲ್ಲಿಸಿಬಿಟ್ಟನು. ಹಡಗಿನ ತಂಡೇಲ ಯೋರಾನ್ ಮಾಟ್ಸನ್ ಎಂಬುವನು ಹಡಗಿನ ತಳ ಇಕ್ಕಟ್ಟಾಗಿದೆಯೆಂದು ಬಾಯಿಬಿಟ್ಟು ಹೇಳಿದನು. ಕಟ್ಟಿದವನು ಹಿಂದೆಯೂ ಹಡಗು ಕಟ್ಟಿದವನೇ, ನಿನಗೇಕೆ ಚಿಂತೆ ಎಂಬರ್ಥದ ಉತ್ತರ ಅವನಿಗೆ ದೊರೆಯಿತು. ದೊರೆಯು ಊರಿನಲ್ಲಿಲ್ಲ, ಅವನ ಆಜ್ಞೆ ಮಾತ್ರ ಇದೆ. ಆಜ್ಞೆಯನ್ನು ತಡೆದು ನಿಲ್ಲಿಸುವ ಧೈರ್ಯ ದೊಡ್ಡ ಪದವಿಯಲ್ಲಿದ್ದವನಿಗೂ ಬರಲಿಲ್ಲ. ಚಿಕ್ಕ ಕೆಲಸದ ತಂಡೇಲನೊಬ್ಬನು ಹೇಳಬೇಕಾದುದನ್ನು ಹೇಳಿದನೆಂಬುದು ಈ ಕಥೆಯ ಒಂದು ಸಮಾಧಾನ.

1628ರ ಆಗಸ್ಟ್ 10, ಭಾನುವಾರ. ದಡದ ತುಂಬ ಜನ. ನಾವಿಕರ ಹೆಂಡತಿ ಮಕ್ಕಳಿಗೂ ಸ್ವಲ್ಪ ದೂರ ಹಡಗಿನಲ್ಲಿ ಬರಲು ಅನುಮತಿಯಿತ್ತು. ನಾಲ್ಕು ಹಾಯಿಗಳನ್ನು ಬಿಚ್ಚಲಾಯಿತು, ಗೌರವಾರ್ಥ ಫಿರಂಗಿಗಳು ಮೊಳಗಿದವು. ಗಾಳಿ ಜೋರಾಗಿರಲಿಲ್ಲ. ಒಮ್ಮೆ ಬೀಸಿದ ಗಾಳಿಗೆ ಹಡಗು ವಾಲಿ ಮತ್ತೆ ನೆಟ್ಟಗಾಯಿತು. ಮತ್ತೊಮ್ಮೆ ಬೀಸಿದಾಗ ನೆಟ್ಟಗಾಗಲಿಲ್ಲ; ತೆರೆದಿದ್ದ ಕೆಳಗಿನ ಕಿಂಡಿಗಳಿಂದ ನೀರು ನುಗ್ಗಿತು. ದಡದಿಂದ ಸುಮಾರು 120 ಮೀಟರ್ ದೂರದಲ್ಲಿ, 32 ಮೀಟರ್ ಆಳದಲ್ಲಿ ವಾಸಾ ತಳ ಕಂಡಿತು. ಸುಮಾರು 30 ಮಂದಿ ಪ್ರಾಣ ಕಳೆದುಕೊಂಡರೆಂದು ಅಂದಾಜು.

ಸುದ್ದಿ ದೊರೆಗೆ ಮುಟ್ಟಲು ಎರಡು ವಾರ ಬೇಕಾಯಿತು. ತಪ್ಪಿತಸ್ಥರನ್ನು ದಂಡಿಸಲೇಬೇಕೆಂದು ಅವನು ಬರೆದನು. ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಫಿರಂಗಿಗಳನ್ನು ಬಿಗಿದು ಕಟ್ಟಲಾಗಿತ್ತೆ? ಕಟ್ಟಲಾಗಿತ್ತು. ನಾವಿಕರು ಮದ್ಯಪಾನ ಮಾಡಿದ್ದರೆ? ಇಲ್ಲ. ಪರೀಕ್ಷೆಯಲ್ಲಿ ಹಡಗು ವಾಲಿದ ಸಂಗತಿಯನ್ನು ತಂಡೇಲನು ಅಲ್ಲಿಯೂ ಹೇಳಿದನು. ಹೈನ್ ಯಾಕೋಬ್‌ಸನ್ ತನಗೆ ಕೊಟ್ಟ ಅಳತೆಯಂತೆ ಕಟ್ಟಿದೆನೆಂದನು. ಅಳತೆ ಕೊಟ್ಟ ಹೆನ್ರಿಕ್ ತೀರಿಕೊಂಡಿದ್ದನು. ಆ ಅಳತೆಗೆ ಒಪ್ಪಿಗೆ ಕೊಟ್ಟವನು ಸ್ವತಃ ದೊರೆ. ಹಾಗಾದರೆ ತಪ್ಪು ಯಾರದೆಂಬ ಪ್ರಶ್ನೆಗೆ ಡಿ ಗ್ರೂಟನು ದೇವರೊಬ್ಬನೇ ಬಲ್ಲನೆಂದು ಉತ್ತರಿಸಿದನು. ಯಾರಿಗೂ ಶಿಕ್ಷೆಯಾಗಲಿಲ್ಲ. ಒಬ್ಬೊಬ್ಬರ ಹೇಳಿಕೆಯನ್ನೂ ಬಿಡಿಯಾಗಿ ಓದಿದರೆ ಸುಳ್ಳೆನ್ನಲು ಹೆಚ್ಚೇನೂ ಸಿಗುವುದಿಲ್ಲ. ಲೆಕ್ಕದ ಪ್ರತಿಯೊಂದು ಬಾಬೂ ಸರಿ, ಮೊತ್ತ ಮಾತ್ರ ತಪ್ಪು.

1660ರ ದಶಕದಲ್ಲಿ ಮುಳುಗುಗಾರರು ಗಂಟೆಯಾಕಾರದ ಸೀಸದ ಪಾತ್ರೆಯೊಳಗೆ ನಿಂತು, ಅದರಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನೇ ಉಸಿರಾಡುತ್ತ, ಕತ್ತಲಿನ ನೀರಿನಿಂದ 50ಕ್ಕೂ ಹೆಚ್ಚು ಫಿರಂಗಿಗಳನ್ನು ಮೇಲೆತ್ತಿದರು. ಬೆಲೆಬಾಳುವ ಕಂಚು ಕೈಸೇರಿದ ಮೇಲೆ ಹಡಗನ್ನು ಜಗತ್ತು ಮರೆಯಿತು. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆಯಾದುದರಿಂದ ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಹೀಗಾಗಿ ಮರ ಉಳಿಯಿತು. 1956ರಲ್ಲಿ ಆಂಡರ್ಸ್ ಫ್ರಾನ್ಸೇನ್ ಎಂಬ ಶೋಧಕನ ಉಪಕರಣಕ್ಕೆ ಕಪ್ಪು ಓಕ್‌ನ ತುಣುಕೊಂದು ಸಿಕ್ಕಿಬಂದಿತು. ಮುಳುಗುಗಾರರು ಹಡಗಿನ ಅಡಿಯಲ್ಲಿ ಆರು ಸುರಂಗಗಳನ್ನು ಕೊರೆದು ಉಕ್ಕಿನ ಹಗ್ಗಗಳನ್ನು ತೂರಿಸಿದರು. 1961ರ ಏಪ್ರಿಲ್ 24ರಂದು, 333 ವರ್ಷಗಳ ಅನಂತರ, ವಾಸಾ ಬೆಳಕು ಕಂಡಿತು. ಮರ ಒಣಗಿ ಬಿರಿಯದಂತೆ ಮೇಣದಂತಹ ಒಂದು ರಾಸಾಯನಿಕವನ್ನು 17 ವರ್ಷ ಸಿಂಪಡಿಸಲಾಯಿತು. ಆ ಆರೈಕೆ ಇನ್ನೂ ಮುಗಿದಿಲ್ಲ. 2000ದ ಮಳೆಗಾಲದಂತಹ ಬೇಸಿಗೆಯಲ್ಲಿ ಮರದ ಮೇಲೆ ಆಮ್ಲದ ಕಲೆಗಳು ಕಾಣಿಸಿಕೊಂಡವು. ತುಕ್ಕು ಹಿಡಿದ ಬೋಲ್ಟುಗಳನ್ನು ಸಾವಿರಗಟ್ಟಲೆ ಬದಲಾಯಿಸಬೇಕಾಯಿತು.

ಯಾಕೋಬ್‌ಸನ್ ಕಟ್ಟಿದ ಮತ್ತೊಂದು ದೊಡ್ಡ ನೌಕೆ ಆ್ಯಪ್ಲೆಟ್ 1629ರಲ್ಲಿ ನೀರಿಗಿಳಿಯಿತು. 2021ರಲ್ಲಿ ಅದರ ಅವಶೇಷ ಸಮುದ್ರತಳದಲ್ಲಿ ಪತ್ತೆಯಾಗಿದೆ. ವಾಸಾ ನೌಕೆಗಿಂತ ಅದು ಸುಮಾರು ಒಂದು ಮೀಟರ್ ಅಗಲ. ವಿಚಾರಣೆಯ ಮುಂದೆ ದೊರೆಯದೆ ಹೋದ ಉತ್ತರವನ್ನು ಆ ಶಿಲ್ಪಿಯು ಮರದಲ್ಲಿ ಕೊಟ್ಟಿದ್ದನು.

ವಸ್ತುಸಂಗ್ರಹಾಲಯದ ಇನ್ನೊಂದು ಕಡೆ, ಹಡಗಿನೊಡನೆ ಮುಳುಗಿದವರ ಅಸ್ಥಿಗಳನ್ನು ಇಡಲಾಗಿದೆ. ಹೆಸರು ತಿಳಿಯದ ಕಾರಣ ಪ್ರತಿಯೊಂದಕ್ಕೂ ಒಂದೊಂದು ಅಕ್ಷರದ ಗುರುತು. ‘ಜಿ’ ಎಂಬ ಗುರುತಿನ ಅಸ್ಥಿಪಂಜರವನ್ನು ದೀರ್ಘಕಾಲ ಗಂಡಸಿನದೆಂದು ಎಣಿಸಿ ಗುಸ್ತಾವ್ ಎಂದು ಕರೆಯುತ್ತಿದ್ದರು. 2023ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಿಂದ ಅದು ಒಬ್ಬ ಹೆಂಗಸಿನದೆಂದು ತಿಳಿದುಬಂದಿತು.