ಕ್ರಿಸ್‌ಮಸ್ ತಟ್ಟೆಯಲ್ಲಿ ಕೇಕಿಗಿಂತ ಹಳೆಯದು ಕರ್ಜಿಕಾಯಿ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಶಿಕಾರಿಪುರ, ಸೊರಬದ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಪ್ಲಮ್ ಕೇಕು ಬಂದು ಕೂರುತ್ತದೆ. ಹಬ್ಬ ಹತ್ತಿರ ಬಂತು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗುವುದೇ ಅದನ್ನು ನೋಡಿ. ಕ್ರಿಸ್‌ಮಸ್ ಊಟಕ್ಕೆ ಏನು ಮಾಡುತ್ತಾರೆ ಎಂದು ಕೇಳಿದರೆ "ಇನ್ನೇನು, ಕೇಕು" ಅನ್ನುತ್ತಾರೆ. "ಅದೆಲ್ಲ ಇಂಗ್ಲಿಷರ ತಿಂಡಿ" ಎಂದು ಮುಗಿಸುವವರೂ ಇದ್ದಾರೆ. ಕೇಕಿನ ಮಟ್ಟಿಗೆ ಆ ಮಾತು ನಿಜ. ಆದರೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರ ಮನೆಗಳಲ್ಲಿ ಕೇಕು ಈಚೆಗೆ ಸೇರಿಕೊಂಡ ತಿಂಡಿ. ಅದಕ್ಕಿಂತ ಬಹಳ ಮುಂಚಿನಿಂದ ಆ ತಟ್ಟೆಯಲ್ಲಿ ಕೂತಿರುವುದು ನಮ್ಮ ನಿಮ್ಮ ಮನೆಯ ಕರ್ಜಿಕಾಯಿ, ಚಕ್ಕುಲಿ, ಎಳ್ಳುಂಡೆ.

ಶಿಕಾರಿಪುರದ ಒಂದು ಮನೆಯಲ್ಲಿ ನಮಗೆ ಹಬ್ಬದ ಅಡುಗೆ ಪಟ್ಟಿ ನೋಡಲು ಸಿಕ್ಕಿತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿದ್ದರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ ಲಿಪಿಯಲ್ಲಿ. ಮಂಗಳೂರು ಕಡೆಯ ಕ್ರೈಸ್ತರು ಕೊಂಕಣಿ ಬರೆಯುವುದು ಹಾಗೆಯೇ. ಮೊದಲ ಸಾಲಿನಲ್ಲಿ 'ಕುಸ್ವಾರ್' ಅಂತಿತ್ತು. ಕುಸ್ವಾರ್ ಅಂದರೆ ಒಂದು ತಿಂಡಿಯ ಹೆಸರಲ್ಲ, ಕ್ರಿಸ್‌ಮಸ್‌ಗೆಂದು ಮೊದಲೇ ಮಾಡಿ ಡಬ್ಬಕ್ಕೆ ತುಂಬಿಡುವ ಎಲ್ಲ ತಿಂಡಿಗಳ ಒಟ್ಟು ಹೆಸರು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಬಾಣಲೆ ಒಲೆ ಏರುತ್ತದೆ.

ಪಟ್ಟಿಯಲ್ಲಿ 'ನೆವ್ರಿ' ಎಂದಿರುವುದು ನಮ್ಮ ಕರ್ಜಿಕಾಯಿಯೇ. ಅರ್ಧಚಂದ್ರದ ಅದೇ ಆಕಾರ, ಅಂಚು ಮಡಿಸುವ ಅದೇ ಕೈಚಳಕ. ನಮ್ಮಲ್ಲಿ ಒಳಗೆ ಕೊಬ್ಬರಿ, ಹುರಿಗಡಲೆ, ಗಸಗಸೆ ಹೋದರೆ ಅವರಲ್ಲಿ ಎಳ್ಳು, ತೆಂಗಿನ ತುರಿ, ಗೋಡಂಬಿ, ದ್ರಾಕ್ಷಿ. 'ಕಿಡಿಯೊ' ಅಂದರೆ ಕೊಂಕಣಿಯಲ್ಲಿ ಹುಳು! ತೆಂಗಿನ ಹಾಲಿನಲ್ಲಿ ಕಲಸಿದ ಮೈದಾ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಮಾಡಿ ಕರಿಯುತ್ತಾರೆ. ಆ ಕೆಲಸ ಮಕ್ಕಳದ್ದು. ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿಯುವ 'ಕೊಕ್ಕಿಸಾಂ', ಅಕ್ಕಿಹಿಟ್ಟಿನ 'ಗುಳಿಯೊ', ತುಕ್ಡಿ, ಚಕ್ಕುಲಿ, ಎಳ್ಳುಂಡೆ ಹೀಗೆ ಪಟ್ಟಿ ಸಾಗುತ್ತದೆ. ಕೇಕು ಕೊನೆಯ ಸಾಲಿನಲ್ಲಿತ್ತು, ಎದುರಿಗೆ "ಬೇಕರಿ" ಅಂತ ಬರೆದಿತ್ತು.

ಇಷ್ಟೊಂದು ತಿಂಡಿ ಒಂದೇ ಆಗಿರುವುದು ಹೇಗೆ? ಈ ಮನೆತನಗಳ ಹಿರಿಯರು ಗೋವಾ ಕಡೆಯ ಕೊಂಕಣಿಗರು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅಲ್ಲಿ ಅನೇಕರು ಕ್ರೈಸ್ತರಾದರು. ದೇವರು ಬದಲಾದರೂ ಅಡುಗೆಮನೆ ಅಷ್ಟು ಬೇಗ ಬದಲಾಗಲಿಲ್ಲ. 1560ರಲ್ಲಿ ಗೋವಾದಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಳಿ ಬಂತು. ಹೊಸ ಕ್ರೈಸ್ತರು ಹಳೇ ಪದ್ಧತಿ ಬಿಟ್ಟಿದ್ದಾರೋ ಇಲ್ಲವೋ ಎಂದು ನೋಡುವುದೇ ಅದರ ಕೆಲಸ. 1736ರ ಅದರ ಆಜ್ಞೆಯೊಂದರಲ್ಲಿ, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಬಾರದು ಎಂಬ ನಿಷೇಧವೂ ಇದೆ. ಅನ್ನದ ಪಾತ್ರೆಗೆ ಉಪ್ಪು ಬಿತ್ತೋ ಇಲ್ಲವೋ ಎಂದು ಸರ್ಕಾರ ನೋಡುವ ಕಾಲ ಅದು. ಇದಕ್ಕೆ ಹೆದರಿ, ಆಮೇಲೆ ಯುದ್ಧ, ಬರಗಳಿಂದಲೂ ಜನ ಗುಂಪು ಗುಂಪಾಗಿ ದಕ್ಷಿಣಕ್ಕೆ ಹೊರಟರು. ಅವರಲ್ಲಿ ಬಹಳಷ್ಟು ಜನ ನೆಲೆ ನಿಂತದ್ದು ಕೆಳದಿ ನಾಯಕರ ಕರಾವಳಿಯಲ್ಲಿ.

ಕೆಳದಿ ಅಂದರೆ ನಮಗೆ ದೂರದ ಮಾತಲ್ಲ. ಇಂದಿನ ಸೊರಬ, ಶಿಕಾರಿಪುರ ಸೀಮೆಯೂ ಅದೇ ಅರಸರ ಕೈಯಲ್ಲಿತ್ತು. ಪೋರ್ಚುಗೀಸರಿಗೂ ಕೆಳದಿಗೂ ನೂರಾರು ವರ್ಷ ಜಗಳ, ರಾಜಿ, ಮತ್ತೆ ಜಗಳ. 1623ರಲ್ಲಿ ಇಕ್ಕೇರಿಗೆ ವೆಂಕಟಪ್ಪ ನಾಯಕನನ್ನು ಕಾಣಲು ಪೋರ್ಚುಗೀಸ್ ರಾಯಭಾರಿ ಬಂದಾಗ ಜೊತೆಗೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯೂ ಇದ್ದ. ದಾರಿಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಲೆಕ್ಕ ಬರೆದು ಕಲಿಯುವುದನ್ನು ಕಂಡು ಅವನು ಬರೆದಿಟ್ಟಿದ್ದಾನೆ. 1650ರ ದಶಕದಲ್ಲಿ ಶಿವಪ್ಪ ನಾಯಕ ಬಸರೂರು, ಹೊನ್ನಾವರ, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ. ಹೊರದಬ್ಬಿದ್ದು ಅವರ ಸೈನ್ಯವನ್ನು. ವಲಸೆ ಬಂದ ಕ್ರೈಸ್ತ ರೈತರು ಗದ್ದೆಯಲ್ಲೇ ಇದ್ದರು. 1678ರ ಒಪ್ಪಂದದಲ್ಲಿ ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಕೆಳದಿಯವರೇ ಅನುಮತಿ ಕೊಟ್ಟರು.

ಇಷ್ಟೆಲ್ಲ ಜಗಳದ ನಡುವೆಯೂ ನಿಲ್ಲದೆ ನಡೆದದ್ದು ವ್ಯಾಪಾರ. ಗೋವಾದವರ ಹೊಟ್ಟೆ ತುಂಬುತ್ತಿದ್ದದ್ದು ಬಸರೂರು, ಹೊನ್ನಾವರ, ಮಂಗಳೂರಿನಿಂದ ಹಡಗು ಹತ್ತುತ್ತಿದ್ದ ಅಕ್ಕಿಯಿಂದ. ಘಟ್ಟದ ಕಡೆಯಿಂದ ಕಾಳುಮೆಣಸು ಹೋಗುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಮೆಣಸು ಒಯ್ದವರು ಅಮೆರಿಕ ಖಂಡದಿಂದ ತಂದು ಇಳಿಸಿದ್ದು ಮೆಣಸಿನಕಾಯಿ. ಹೊಸ ಕಾಯಿಗೆ ನಮ್ಮವರು ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಮೆಣಸಿನ ಹೆಸರನ್ನೇ ಅಂಟಿಸಿದರು. 1500ರ ಆಸುಪಾಸಿನಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಅಡುಗೆಗೆಂದೇ 'ಸೂಪಶಾಸ್ತ್ರ' ಬರೆದ. ಅದರಲ್ಲಿ ಬದನೆಕಾಯಿಯ ಅಡುಗೆ ಇದೆ, ಮೆಣಸಿನಕಾಯಿ ಇಲ್ಲ. ಇವತ್ತು ಪಕ್ಕದ ಬ್ಯಾಡಗಿಯ ಕಾಯಿ ಇಲ್ಲದೆ ನಮ್ಮ ಯಾವ ಮನೆಯ ಸಾರೂ ಕೆಂಪಾಗುವುದಿಲ್ಲ. ಗೇರುಬೀಜ, ಪಪ್ಪಾಯಿ, ಪೇರಲೆ ಬಂದದ್ದೂ ಅದೇ ಹಡಗಿನ ದಾರಿಯಲ್ಲಿ. ಸೊರಬ ಕಡೆ ಎಕರೆಗಟ್ಟಲೆ ಬೆಳೆಯುವ ಅನಾನಸ್ ಕೂಡ ಹಾಗೇ ಬಂದದ್ದು. ಅದರ ಹೆಸರೂ ಪೋರ್ಚುಗೀಸರ ಬಾಯಿಂದಲೇ ಬಂದದ್ದು.

ಈಗ ಮತ್ತೆ ಆ ಪಟ್ಟಿಗೆ ಬರೋಣ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಕುಸ್ವಾರ್ ಮತ್ತು ಕೇಕು. 25ಕ್ಕೆ ಸಾನ್ನಾ ಮತ್ತು ಹಂದಿ ಮಾಂಸದ ಬಫಾತ್, ಕೋಳಿ ಸಾರು, ಪಲಾವ್, ಮಾಂಸ ತಿನ್ನದ ಅತಿಥಿಗಳಿಗೆ ಕಡಲೆ ಸುಕ್ಕ. ಬಫಾತ್ ಪುಡಿಯಲ್ಲಿ ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಅರಿಸಿನ, ಕಾಳುಮೆಣಸು ಎಲ್ಲ ಇವೆ. ಒಯ್ದ ಮೆಣಸು, ತಂದ ಮೆಣಸಿನಕಾಯಿ ಎರಡೂ ಒಂದೇ ಪಾತ್ರೆಯಲ್ಲಿ. ಸಾನ್ನಾ ನಮ್ಮ ಇಡ್ಲಿಯ ದಾಯಾದಿ. ಅಕ್ಕಿ, ಉದ್ದು ರುಬ್ಬಿದ ಹಿಟ್ಟನ್ನು ಸೇಂದಿ ಹಾಕಿ ಹುಳಿ ಬರಿಸುವುದು ಹಳೇ ಕ್ರಮ. ಇಲ್ಲಿ ಸೇಂದಿ ಸಿಗದ್ದರಿಂದ ಈಗ ಈಸ್ಟ್ ಹಾಕುತ್ತಾರೆ. "ಹಿಟ್ಟು ಉಬ್ಬತ್ತೆ, ಆ ಘಮ ಬರಲ್ಲ" ಎಂದು ಮನೆಯ ಹಿರಿಯಮ್ಮ ಹೇಳಿದರು.

ಹಾಗಾದರೆ ಕೇಕು? ಅದು ಇಂಗ್ಲಿಷರ ಹಿಂದೆ ಬಂದದ್ದು. ನಮ್ಮ ಸೀಮೆಯ ಆಡಳಿತ ಇಂಗ್ಲಿಷ್ ಕಮಿಷನರುಗಳ ಕೈಗೆ ಹೋದದ್ದು 1831ರಲ್ಲಿ, ಇಲ್ಲಿನ ರೈತರು ಎದ್ದ ನಗರ ದಂಗೆಯ ನೆಪದಲ್ಲಿ. 1883ರಲ್ಲಿ ಕೇರಳದ ತಲಶ್ಶೇರಿಯ ಬೇಕರಿಯಲ್ಲಿ ಮಂಬಳ್ಳಿ ಬಾಪು ಎಂಬವರು ಇಂಗ್ಲಿಷ್ ತೋಟಗಾರನೊಬ್ಬ ತೋರಿಸಿದ ಮಾದರಿ ನೋಡಿ ಕ್ರಿಸ್‌ಮಸ್ ಕೇಕು ಸುಟ್ಟ ಕಥೆ ಪ್ರಸಿದ್ಧ. ಓವನ್ ಬೇಕು, ಬೆಣ್ಣೆ ಬೇಕು. ಹಳ್ಳಿಯ ಸೌದೆ ಒಲೆಗೆ ಒಗ್ಗುವ ತಿಂಡಿಯೇ ಅಲ್ಲ ಅದು. ನೆವ್ರಿಗಾದರೆ ಒಂದು ಬಾಣಲೆ, ಅಕ್ಕಪಕ್ಕದ ನಾಲ್ಕು ಕೈ ಸಾಕು.

ಇನ್ನೊಂದು ಊಟದ ಮಾತು ಇಲ್ಲಿ ಹೇಳಲೇಬೇಕು, ಅದು ಕ್ರಿಸ್‌ಮಸ್‌ನದ್ದಲ್ಲದಿದ್ದರೂ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇದೇ ಮನೆಗಳಲ್ಲಿ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ತಂದು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ಆವತ್ತು ಮೀನು, ಮಾಂಸ ಇಲ್ಲ. ಪಲ್ಯಗಳ ಲೆಕ್ಕ ಬೆಸವಾಗಿರಬೇಕು: ಐದು, ಏಳು, ಒಂಬತ್ತು. ಸೊರಬ, ಶಿಕಾರಿಪುರದ ನಮ್ಮ ಮನೆಗಳಲ್ಲಿ ಇದಾಗಿ ಒಂದು ತಿಂಗಳಿಗೆ ಭೂಮಿ ಹುಣ್ಣಿಮೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬೆರಕೆ ಸೊಪ್ಪು, ಕಡುಬು, ಬುತ್ತಿ ಹೊತ್ತು ಬಸುರಿ ಭೂಮಿಗೆ ಬಯಕೆ ಊಟ ಬಡಿಸಲು ಗದ್ದೆಗೆ ಹೋಗುತ್ತೇವೆ. ಎರಡೂ ಭತ್ತ ಬೆಳೆಯುವವರ ಹಬ್ಬ. ಈ ಪೈಕಿ ಯಾವುದನ್ನು ನೋಡಿ ಯಾವುದು ಬಂತು ಎಂದು ಎಳೆದಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ನಮ್ಮ ಚಿಂತೆ ಬೇರೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮನೆಗಳಲ್ಲಿ ನೆವ್ರಿಯ ಅಂಚು ಮಡಿಸಲು ಕೈಗಳಿಲ್ಲ. ಕುಸ್ವಾರ್ ಈಗ ಪ್ಯಾಕೆಟ್ಟಿನಲ್ಲಿ ಮಂಗಳೂರಿನಿಂದ ಬರುತ್ತದೆ, ಇಲ್ಲವೇ ಕೇಕಿನಲ್ಲೇ ಹಬ್ಬ ಮುಗಿಯುತ್ತದೆ. ಕೇಕಿನಲ್ಲಿ ಮೊಟ್ಟೆ ಇರುತ್ತದೆಂದು ಲಿಂಗಾಯತರ, ಬ್ರಾಹ್ಮಣರ ಮನೆಗೆ ತಟ್ಟೆ ಕಳಿಸುವುದಕ್ಕೇ ಕೆಲವರು ಹಿಂಜರಿಯುತ್ತಾರೆ. ಬಂದ ತಟ್ಟೆಯನ್ನು "ಏನು ಹಾಕಿದ್ದಾರೋ" ಎಂದು ಮುಟ್ಟದೆ ಬದಿಗಿಡುವ ಮನೆಗಳನ್ನೂ ನಾವು ನೋಡಿದ್ದೇವೆ. ಕುಸ್ವಾರ್ ಇದ್ದಾಗ ಈ ತಾಪತ್ರಯ ಇರಲಿಲ್ಲ. ಹಿರಿಯಮ್ಮ ಈಗಲೂ ಎರಡು ಡಬ್ಬ ಇಡುತ್ತಾರೆ. ಮೊಟ್ಟೆ ಬೀಳುವ ಕೊಕ್ಕಿಸಾಂ ಒಂದರಲ್ಲಿ. ನೆವ್ರಿ, ಚಕ್ಕುಲಿ, ಎಳ್ಳುಂಡೆ ಇನ್ನೊಂದರಲ್ಲಿ, ಅದಕ್ಕೆ ಬೇರೆಯೇ ಎಣ್ಣೆ. ಆ ಎರಡನೇ ಡಬ್ಬದಿಂದ ಹೋದ ವರ್ಷ ಏಳು ಮನೆಗೆ ತಟ್ಟೆ ಹೋಗಿದೆ, ಪಟ್ಟಿಯ ಕೆಳಗೆ ಮನೆಗಳ ಹೆಸರೂ ಬರೆದಿವೆ. ಅದರಲ್ಲಿ ಐದು ತಟ್ಟೆ ಮೂರು ವಾರದ ಮೇಲೆ, ಸಂಕ್ರಾಂತಿಗೆ, ಎಳ್ಳುಬೆಲ್ಲ ತುಂಬಿಕೊಂಡು ವಾಪಸು ಬಂದವಂತೆ.