ಮರೆವಿಗೆ ಒಂದು ಮನೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಗಾದೆ ದೂರುವುದು ಮುಪ್ಪನ್ನು. ವೈದ್ಯಶಾಸ್ತ್ರ ಗುರುತಿಸಿದ್ದಾದರೋ ಒಂದು ರೋಗವನ್ನು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ತನ್ನ ಹೆಸರನ್ನು ಬರೆಯುವುದೂ ಆಕೆಗೆ ಆಗುತ್ತಿರಲಿಲ್ಲ. 1906ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು. ಆಕೆಯ ಮಿದುಳನ್ನು ಪರೀಕ್ಷಿಸಿದ ಆಲೋಯಿಸ್ ಆಲ್ಜೈಮರ್ ಅವರ ಹೆಸರೇ 1910ರಲ್ಲಿ ರೋಗದ ಹೆಸರಾಯಿತು. ರೋಗಕ್ಕೆ ಹೆಸರು ಬಂದಿತು. ರೋಗಿಗೆ ಮಾತ್ರ ಮನೆ ಬರಲಿಲ್ಲ.

ಅದು ಬರಲು ಒಂದು ಶತಮಾನವೇ ಬೇಕಾಯಿತು. 2009ರಲ್ಲಿ ಹಾಲೆಂಡಿನ ವೇಸ್ಪ್ ಪಟ್ಟಣದಲ್ಲಿ ಹೋಗೆವೇಕ್ ಎಂಬ ಪುಟ್ಟ ಊರು ಸಿದ್ಧವಾಯಿತು. ಅಲ್ಲಿ ವಾಸಿಸುವವರೆಲ್ಲ ತೀವ್ರ ಮರೆವಿನ ರೋಗಿಗಳು. ಆರೇಳು ಮಂದಿಗೊಂದು ಮನೆ, ಮನೆಗೊಂದು ಅಡುಗೆ. ಹೊರಗೆ ಬೀದಿ, ಅಂಗಡಿ, ತೋಟ, ನಾಟಕಶಾಲೆ. ಊರಿನ ಹೊರಬಾಗಿಲಿಗೆ ಕಾವಲುಂಟು. ಒಳಗೆ ತಿರುಗಾಡಲು ತಡೆಯಿಲ್ಲ. ಆರೈಕೆ ಮಾಡುವವರು ಆಸ್ಪತ್ರೆಯ ಬಿಳಿಯುಡುಪು ತೊಡುವುದಿಲ್ಲ.

ಇಂಥವರು ತಂಗುವ ಆರೈಕೆಯ ಮನೆಗಳು ಬೆಂಗಳೂರಿನಲ್ಲಿಯೂ ಇವೆ. ಆಲ್ಜೈಮರ್ ರೋಗವನ್ನು ಪೂರ್ತಿ ವಾಸಿಮಾಡುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದಲೇ, ಮನೆಯ ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದರೆ ಗಾದೆಯನ್ನಾಡಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿರಿ. ನೆನಪು ಅಳಿದರೂ ಮನೆಯ ಹಂಬಲ ಅಳಿಯದೆಂಬುದೇ ಈ ಚರಿತ್ರೆಯ ಪಾಠ.