ಮನೆ ವಿನ್ಯಾಸ ತಂತ್ರಾಂಶ: ದೀಪಗಳಿಗೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಮಿತಿ

ನಡುಮನೆಗೆ ಒಂಬತ್ತನೆಯ ದೀಪ ಇಟ್ಟರೂ ತೆರೆಯ ಮೇಲೆ ಬೆಳಕು ಹೆಚ್ಚುವುದಿಲ್ಲ. ಹಳೆಯ ಮನೆ ವಿನ್ಯಾಸ ತಂತ್ರಾಂಶಗಳಲ್ಲಿ ಹೀಗಾಗುತ್ತದೆ. ತಪ್ಪು ನಕ್ಷೆಯದಲ್ಲ, ಮಿತಿ ಗ್ರಾಫಿಕ್ಸ್ ಕಾರ್ಡಿನದು. ಭದ್ರಾ ಅಣೆಕಟ್ಟೆಯ ಊರಾದ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಮನೆ ಕಟ್ಟಲು ಹೊರಟವರು ತೆರೆಯ ಚಿತ್ರ ನೋಡಿ ಕಿಟಕಿ ನಿಶ್ಚಯಿಸುವ ಮುನ್ನ ಇದನ್ನು ತಿಳಿದಿರಬೇಕು.

ಎಂಟರ ಮಿತಿ

ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1992ರಲ್ಲಿ ಹೊರತಂದ, ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬರೆಸುವ ಓಪನ್‌ಜಿಎಲ್ ಮಾನದಂಡ, ಏಕಕಾಲಕ್ಕೆ ಕನಿಷ್ಠ 8 ದೀಪಗಳ ಲೆಕ್ಕಕ್ಕೆ ಅವಕಾಶವಿರಬೇಕೆಂದು ಹೇಳಿತು. ಬಹುಪಾಲು ಕಾರ್ಡ್‌ಗಳು ಅಷ್ಟಕ್ಕೇ ನಿಂತವು. ಸೂರ್ಯನಿಗೂ ಅದರಲ್ಲೇ ಒಂದು ಸ್ಥಾನ ಕೊಡಬೇಕಿತ್ತು.

ಆ ವಿಧಾನದಲ್ಲಿ ಬೆಳಕಿನ ಲೆಕ್ಕ ನಡೆಯುತ್ತಿದ್ದುದು ಮೇಲ್ಮೈಯ ಮೂಲೆಬಿಂದುಗಳಲ್ಲಿ ಮಾತ್ರ. ನಾಲ್ಕೇ ಮೂಲೆಗಳ ದೊಡ್ಡ ಗೋಡೆಯ ನಡುವೆ ದೀಪವಿಟ್ಟರೆ ಅದರ ಪ್ರಭೆ ಮೂಡುತ್ತಲೇ ಇರಲಿಲ್ಲ. 2004ರ ಓಪನ್‌ಜಿಎಲ್ 2.0 ಬೆಳಕಿನ ಲೆಕ್ಕವನ್ನು ತಂತ್ರಾಂಶವೇ ಬರೆದುಕೊಡಬಹುದಾದ ಶೇಡರ್ ಭಾಷೆಯನ್ನು ಸೇರಿಸಿಕೊಂಡ ಮೇಲೆ ಪ್ರತಿ ಪಿಕ್ಸೆಲ್‌ಗೂ ಬೆಳಕನ್ನು ಲೆಕ್ಕ ಹಾಕುವುದು ಸುಲಭವಾಯಿತು, ಎಂಟರ ಕಟ್ಟೂ ಸಡಿಲಿತು.

ನೆರಳಿಗೆ ಬೇಕಾದ ಮೆಮೊರಿ

ಎಲ್ಲ ದಿಕ್ಕಿಗೂ ಬೆಳಗುವ ಒಂದು ಬಲ್ಬಿನ ನೆರಳಿಗೆ ಆರು ದಿಕ್ಕಿನ ಆರು ಆಳನಕ್ಷೆಗಳು (ದೀಪದಿಂದ ಎದುರಿನ ವಸ್ತುಗಳಿಗಿರುವ ದೂರದ ದಾಖಲೆಗಳು) ಬೇಕು. 1024×1024 ಅಳತೆಯ, ಬಿಂದುವಿಗೆ 4 ಬೈಟ್‌ನ ನಕ್ಷೆಯೊಂದು 4 ಎಂಬಿ. ಆರಕ್ಕೆ 24 ಎಂಬಿ. ಇಪ್ಪತ್ತು ಬಲ್ಬಿಗೆ 480 ಎಂಬಿ. ಆದ್ದರಿಂದ ಹಲವು ತಂತ್ರಾಂಶಗಳು ಕೆಲವೇ ದೀಪಗಳಿಗೆ ನೆರಳು ಕೊಡುತ್ತವೆ. ಉಳಿದವುಗಳ ಬೆಳಕು ಗೋಡೆಯನ್ನೂ ದಾಟಿ ಪಕ್ಕದ ಕೋಣೆಗೆ ಸೋರಬಹುದು.

ಮಾಡಿನ ಕೆಳಗಿನ ಬೆಳಕು

ಮಲೆನಾಡಿನ ಹಂಚಿನ ಮನೆಗೆ ಮಳೆಗಾಗಿ ಮಾಡನ್ನು ಇಳಿಬಿಡುತ್ತಾರೆ. ಒಳಗೆ ಬರುವ ಬೆಳಕಿನ ಹೆಚ್ಚು ಪಾಲು ಅಂಗಳ, ಜಗಲಿ, ಸುಣ್ಣದ ಗೋಡೆಗಳಿಗೆ ತಾಗಿ ಮರಳಿದ್ದು. ಸಾಮಾನ್ಯ ಕಾರ್ಡ್ ಈ ಪ್ರತಿಫಲನವನ್ನು ಲೆಕ್ಕ ಹಾಕದೆ, ಎಲ್ಲೆಡೆಗೂ ಒಂದೇ ಸಮನಾದ ಮಂದ ಬೆಳಕನ್ನು ಬಳಿಯುತ್ತದೆ. ಹಾಗಾಗಿ ಜಗಲಿಯೂ ಗಾಜಿನ ಹಂಚಿನ ಕೆಳಗಿನ ಅಡುಗೆಮನೆಯೂ ನಿಜಕ್ಕಿಂತ ಬೇರೆಯಾಗಿ ಕಾಣುತ್ತವೆ. ಬೆಳಕಿನ ಕಿರಣಗಳನ್ನು ಹಿಂಬಾಲಿಸುವ ರೇ ಟ್ರೇಸಿಂಗ್ ಇದಕ್ಕೆ ಪರಿಹಾರ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್‌ಗಳು 2018ರಿಂದ ಅದಕ್ಕೆಂದೇ ಪ್ರತ್ಯೇಕ ಘಟಕ ಹೊಂದಿವೆ.

ಲಕ್ಕವಳ್ಳಿಯ ಸೂರ್ಯ

ಲಕ್ಕವಳ್ಳಿ ಇರುವುದು ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶ, 75.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದಾದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.27ರ ಹೊತ್ತಿಗೆ. ತಂತ್ರಾಂಶದ ದಿಕ್ಸೂಚಿಯಲ್ಲಿ ಊರನ್ನು ಸರಿಯಾಗಿ ತುಂಬದಿದ್ದರೆ ಎಷ್ಟು ಬೆಲೆಯ ಕಾರ್ಡ್ ಇದ್ದರೂ ಬಿಸಿಲು ತಪ್ಪು ಕಿಟಕಿಯಿಂದ ಬೀಳುತ್ತದೆ.

ಸಾಧಾರಣ ಕಂಪ್ಯೂಟರ್ ಇದ್ದವರಿಗೆ

2006ರಲ್ಲಿ ಬಂದ ಉಚಿತ ತಂತ್ರಾಂಶ ಸ್ವೀಟ್ ಹೋಮ್ 3ಡಿ, ಫೋಟೋ ತಯಾರಿಸುವಾಗ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್‌ನಿಂದಲೇ ಕಿರಣಗಳ ಲೆಕ್ಕ ಮಾಡಿಸುತ್ತದೆ. ಅತಿ ಹೆಚ್ಚಿನ ಎರಡು ಗುಣಮಟ್ಟಗಳಲ್ಲಿ ಒಂದನ್ನು ಆರಿಸಿದರೆ ಇಟ್ಟ ದೀಪಗಳೂ ಬೆಳಗುತ್ತವೆ. ಕಾಯುವ ಹೊತ್ತು ಹೆಚ್ಚು, ಆದರೆ ದುಬಾರಿ ಕಾರ್ಡ್ ಬೇಕಿಲ್ಲ. ಓಡಾಡಿ ನೋಡುವ ದೃಶ್ಯದಲ್ಲಿ ಕೋಣೆಗಳ ಜೋಡಣೆಯನ್ನು ತೀರ್ಮಾನಿಸಿ, ಕಿಟಕಿ ಮತ್ತು ದೀಪಗಳನ್ನು ಜೂನ್ ಹಾಗೂ ಡಿಸೆಂಬರ್ ತಿಂಗಳ ಫೋಟೋಗಳನ್ನು ಹೋಲಿಸಿ ತೀರ್ಮಾನಿಸುವುದು ಸರಿಯಾದ ಕ್ರಮ.